ಎರಡನೆಯ ಪರದೆ ಮತ್ತು ತೋರಿಸುವಿಕೆಯ ಮರ್ಯಾದೆ

ಅಂಗಡಿಯ ಒಂದು ಮೂಲೆಯಲ್ಲಿ ಗಣಕಯಂತ್ರ. ಎದುರು ಗೋಡೆಯ ಮೇಲೆ ಗಿರಾಕಿಗಳಿಗೆ ಕಾಣುವಂತೆ ಮತ್ತೊಂದು ಪರದೆ. ಇವೆರಡರ ನಡುವೆ ಹದಿನೈದೋ ಇಪ್ಪತ್ತೋ ಅಡಿಗಳ ಅಂತರ. ಆದರೆ ಒಂದರಿಂದ ಇನ್ನೊಂದಕ್ಕೆ ಎಳೆದ ತಂತಿ ಎಲ್ಲಿಯೂ ಕಾಣದು. ಇಂತಹ ಏರ್ಪಾಡು ಈಗ ಸಗಟು ಜವಳಿ ಅಂಗಡಿಗಳಲ್ಲಿಯೂ ಆಭರಣದ ಮಳಿಗೆಗಳಲ್ಲಿಯೂ ಲೆಕ್ಕಪರಿಶೋಧಕರ ಕಚೇರಿಗಳಲ್ಲಿಯೂ ಅಪರೂಪವಲ್ಲ. ಇದನ್ನು ಜೋಡಿಸುವುದು ಹೇಗೆ ಎಂಬ ಪ್ರಶ್ನೆಗೆ ಪಕ್ಕದ ಅಂಗಡಿಯ ತರುಣನೇ ಉತ್ತರ ಕೊಡಬಲ್ಲನು. ಜೋಡಿಸಿದ ಮೇಲೆ ಆ ಪರದೆಯಲ್ಲಿ ಏನನ್ನು ತೋರಿಸಬೇಕು, ಏನನ್ನು ತೋರಿಸಬಾರದು, ಯಾರಿಗೆ ತೋರಿಸಬೇಕು ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಗಿರಾಕಿಯ ಎದುರಿಗೆ ಪರದೆಯನ್ನಿಟ್ಟೊಡನೆಯೇ ವ್ಯವಹಾರವು ಪಾರದರ್ಶಕವಾಯಿತೆಂಬ ಭಾವನೆ ವರ್ತಕರಲ್ಲಿ ಬೇರೂರುತ್ತಿದೆ. ಈ ಭಾವನೆ ಎಷ್ಟರ ಮಟ್ಟಿಗೆ ಸರಿಯೆಂಬುದು ವಿಚಾರಣೀಯವಾಗಿದೆ.

ಮೊದಲು ಸಾಧನದ ಸ್ವರೂಪವನ್ನು ಅರಿಯುವುದು ಒಳ್ಳೆಯದು. ಏಕೆಂದರೆ ಇಲ್ಲಿಯ ನೈತಿಕ ಪ್ರಶ್ನೆಗಳೆಲ್ಲವೂ ಸಾಧನದ ಸ್ವಭಾವದಿಂದಲೇ ಹುಟ್ಟುತ್ತವೆ. ಗಣಕಯಂತ್ರದ ಚಿತ್ರವನ್ನು ತಂತಿಯಿಲ್ಲದೆ ದೂರದ ಪರದೆಗೆ ಕಳಿಸುವ ವೈಡೈ ಎಂಬ ವಿಧಾನವನ್ನು ಇಂಟೆಲ್ ಸಂಸ್ಥೆ 2010ರಲ್ಲಿ ಹೊರತಂದಿತು. ಬೇರೆ ಬೇರೆ ತಯಾರಕರ ಯಂತ್ರಗಳು ಪರಸ್ಪರ ಹೊಂದಿಕೊಳ್ಳಲೆಂದು ವೈ-ಫೈ ಅಲಯನ್ಸ್ 2012ರಲ್ಲಿ ಮಿರಾಕಾಸ್ಟ್ ಎಂಬ ಮಾನಕವನ್ನು ಪ್ರಕಟಿಸಿತು. 2013ರ ವಿಂಡೋಸ್ 8.1ರಿಂದ ಮುಂದೆ ಈ ಸೌಲಭ್ಯವು ಗಣಕಯಂತ್ರದಲ್ಲಿಯೇ ಅಡಕವಾಗಿ ಬರತೊಡಗಿತು. ಯಂತ್ರದ ವೈ-ಫೈ ಭಾಗವೂ ಚಿತ್ರದ ಭಾಗವೂ ಇದಕ್ಕೆ ಒಪ್ಪುವಂತಿದ್ದರೆ, ವಿಂಡೋಸ್ ಗುರುತಿನ ಕೀಲಿಯೊಡನೆ ‘ಕೆ’ ಅಕ್ಷರದ ಕೀಲಿಯನ್ನು ಒತ್ತಿದಾಗ ಹತ್ತಿರದಲ್ಲಿರುವ ಪರದೆಗಳ ಹೆಸರುಗಳು ಸಾಲಾಗಿ ಕಾಣುತ್ತವೆ. ಬೇಕಾದುದನ್ನು ಆರಿಸಿಕೊಂಡರೆ ಸಂಬಂಧವೇರ್ಪಡುತ್ತದೆ. ಇದಕ್ಕೆ ಅಂತರ್ಜಾಲವೂ ಬೇಡ, ನಡುವೆ ರೂಟರ್ ಕೂಡ ಅಗತ್ಯವಿಲ್ಲ. ಹಳೆಯ ಟಿ.ವಿ.ಯಾದರೆ ಅದರ ಎಚ್‌ಡಿಎಂಐ ರಂಧ್ರಕ್ಕೆ ಬೆರಳುದ್ದದ ಒಂದು ಗ್ರಾಹಕ ಸಾಧನವನ್ನು ಸಿಕ್ಕಿಸಿದರೆ ಸಾಕು. ನಡುವೆ ಕಬ್ಬಿಣದ ಬೀರು ಅಡ್ಡವಿದ್ದರೆ ಚಿತ್ರವು ತಡವರಿಸುವುದುಂಟು.

ಈ ಸಾಗಣೆಯಲ್ಲಿ ಒಂದು ಸೂಕ್ಷ್ಮವಿದೆ. ಸಾಮಾನ್ಯವಾದ ಪರದೆಯೊಂದರಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಬಿಂದುಗಳಿರುತ್ತವೆ, ಗುಣಿಸಿದರೆ 20,73,600. ಒಂದೊಂದು ಬಿಂದುವಿನ ಬಣ್ಣಕ್ಕೆ 24 ಬಿಟ್‌ಗಳು, ಸೆಕೆಂಡಿಗೆ 60 ಚಿತ್ರಗಳು ಎಂದು ಲೆಕ್ಕ ಹಾಕಿದರೆ ಪ್ರತಿ ಸೆಕೆಂಡಿಗೆ ಸುಮಾರು 298 ಕೋಟಿ ಬಿಟ್‌ಗಳು ಕೋಣೆಯನ್ನು ದಾಟಬೇಕಾಗುತ್ತದೆ. ಅಂಗಡಿಯ ಸಾಧಾರಣ ವೈ-ಫೈಗೆ ಇಷ್ಟು ಭಾರವನ್ನು ಹೊರುವ ಶಕ್ತಿಯಿಲ್ಲ. ಆದ್ದರಿಂದ ಗಣಕಯಂತ್ರವು ಚಿತ್ರವನ್ನು ಸಂಕ್ಷೇಪಗೊಳಿಸಿ ಕಳಿಸುತ್ತದೆ. ಆಗಾಗ ಪೂರ್ಣ ಚಿತ್ರವೊಂದನ್ನು ಕಳಿಸಿ, ಉಳಿದ ಸಮಯದಲ್ಲಿ ಹಿಂದಿನ ಚಿತ್ರಕ್ಕಿಂತ ಎಲ್ಲೆಲ್ಲಿ ಬದಲಾಗಿದೆಯೆಂಬುದನ್ನು ಮಾತ್ರ ತಿಳಿಸುತ್ತದೆ. ಗ್ರಾಹಕ ಸಾಧನವು ಆ ಸೂಚನೆಗಳಿಂದ ಚಿತ್ರವನ್ನು ಪುನಃ ಕಟ್ಟಿಕೊಳ್ಳುತ್ತದೆ. ಈ ಕಾರ್ಯಕ್ಕೆ ಸೆಕೆಂಡಿನ ಹತ್ತನೆಯ ಒಂದು ಭಾಗವೋ ಅದಕ್ಕಿಂತ ಹೆಚ್ಚೋ ಕಾಲ ಹಿಡಿಯುತ್ತದೆ. ಹೀಗಾಗಿ ಎದುರು ಗೋಡೆಯಲ್ಲಿ ಗಿರಾಕಿ ಕಾಣುವುದು ವರ್ತಕನು ಕಾಣುತ್ತಿರುವ ಚಿತ್ರವನ್ನಲ್ಲ. ತುಸು ಹಿಂದಿನ, ತುಸು ಸಂಕ್ಷೇಪಿಸಿದ, ಮತ್ತೆ ರಚಿಸಿದ ಪ್ರತಿಯೊಂದನ್ನು. ಈ ಭೇದದ ಪರಿಣಾಮಗಳನ್ನು ಮುಂದೆ ನೋಡಬಹುದು.

ಎರಡನೆಯ ಪರದೆಯನ್ನು ಬಳಸಲು ಮುಖ್ಯವಾಗಿ ಎರಡು ವಿಧಾನಗಳಿವೆ. ‘ಡೂಪ್ಲಿಕೇಟ್’ ಎಂಬುದು ಮೊದಲನೆಯದು. ಇದರಲ್ಲಿ ಎರಡೂ ಪರದೆಗಳಲ್ಲಿ ಒಂದೇ ಚಿತ್ರ ಮೂಡುತ್ತದೆ. ‘ಎಕ್ಸ್‌ಟೆಂಡ್’ ಎಂಬುದು ಎರಡನೆಯದು. ಇದರಲ್ಲಿ ಎದುರಿನ ಪರದೆಯು ಮೊದಲನೆಯದರ ವಿಸ್ತರಣೆಯಾಗಿ, ವರ್ತಕನು ಅದರ ಮೇಲೆ ಇರಿಸಿದ್ದು ಮಾತ್ರ ಅಲ್ಲಿ ಕಾಣುತ್ತದೆ. ಸಾಮಾನ್ಯ ಜನರ ತೀರ್ಪು ಇಲ್ಲಿ ಬಹು ಸರಳವಾಗಿದೆ. ತನಗೆ ಕಾಣುವುದೆಲ್ಲವನ್ನೂ ಗಿರಾಕಿಗೂ ಕಾಣಿಸುವ ಮೊದಲನೆಯ ವಿಧಾನವೇ ಪ್ರಾಮಾಣಿಕವೆಂದೂ, ಆರಿಸಿ ತೋರಿಸುವ ಎರಡನೆಯದರಲ್ಲಿ ಏನೋ ಮರೆಮಾಚುವಿಕೆ ಇದೆಯೆಂದೂ ಅವರು ಭಾವಿಸುತ್ತಾರೆ. ಈ ತೀರ್ಪು ಮೇಲ್ನೋಟಕ್ಕೆ ಆಕರ್ಷಕವಾದರೂ ವಿಚಾರಕ್ಕೆ ನಿಲ್ಲುವುದಿಲ್ಲ.

ಹಳೆಯ ಕಾಲದ ಲೆಕ್ಕದ ಪುಸ್ತಕಗಳನ್ನು ನೆನಪಿಗೆ ತಂದುಕೊಂಡರೆ ವಿಷಯವು ಸ್ಪಷ್ಟವಾಗುತ್ತದೆ. ದಿನದ ವ್ಯವಹಾರಗಳನ್ನೆಲ್ಲ ನಡೆದ ಕ್ರಮದಲ್ಲಿಯೇ ಬರೆಯುವ ಪುಸ್ತಕ ಕೀರ್ದಿ. ಅದರಿಂದ ಒಬ್ಬೊಬ್ಬರ ಲೆಕ್ಕವನ್ನು ಬೇರ್ಪಡಿಸಿ ಬರೆಯುವುದು ಖಾತೆ. ಗಿರಾಕಿಯೊಬ್ಬನು ಬಂದು ತನ್ನ ಬಾಕಿಯೆಷ್ಟೆಂದು ಕೇಳಿದರೆ ಮುನೀಮನು ಖಾತೆ ಪುಸ್ತಕವನ್ನು ತೆರೆದು, ಅವನ ಪುಟವನ್ನು ಹುಡುಕಿ, ಪುಸ್ತಕವನ್ನು ತಿರುಗಿಸಿ ಅವನ ಮುಂದಿಡುತ್ತಿದ್ದನು. ಕೀರ್ದಿಯನ್ನು ಯಾರೂ ಹಾಗೆ ತಿರುಗಿಸಿಟ್ಟವರಲ್ಲ. ಕೀರ್ದಿಯಲ್ಲಿ ಸುಳ್ಳಿತ್ತೆಂದೇನೂ ಅಲ್ಲ. ಅದರ ಒಂದೇ ಪುಟದಲ್ಲಿ ಹತ್ತು ಮಂದಿಯ ಹೆಸರು, ಹತ್ತು ಮಂದಿಯ ಸಾಲ, ಹತ್ತು ಮಂದಿಯ ಕಷ್ಟ ಒಟ್ಟಿಗೆ ಇರುತ್ತಿದ್ದವು. ತನ್ನ ಪುಟವನ್ನು ಪೂರ್ತಿಯಾಗಿ ನೋಡುವ ಹಕ್ಕು ಗಿರಾಕಿಗಿತ್ತು; ಇನ್ನೊಬ್ಬನ ಪುಟವನ್ನು ನೋಡುವ ಹಕ್ಕು ಇರಲಿಲ್ಲ. ಪುಸ್ತಕದ ವಿಭಜನೆಯಲ್ಲಿಯೇ ಈ ವಿವೇಕವು ಸೇರಿಕೊಂಡಿತ್ತು. ‘ಡೂಪ್ಲಿಕೇಟ್’ ವಿಧಾನದಲ್ಲಿ ತೆರೆದಿಟ್ಟ ಗಣಕಯಂತ್ರವು ಕೀರ್ದಿಯನ್ನೇ ಗೋಡೆಗೆ ತೂಗುಹಾಕಿದಂತೆ.

ಇದರಿಂದಾಗುವ ಹಾನಿ ಎಷ್ಟೆಂಬುದಕ್ಕೆ ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಬೆಂಗಳೂರಿನ ಚಿಕ್ಕಪೇಟೆಯಂತಹ ಪೇಟೆಯಲ್ಲಿ ಒಂದು ಸಗಟು ಜವಳಿ ಅಂಗಡಿ. ಬೇರೆ ಬೇರೆ ಊರುಗಳ ಚಿಲ್ಲರೆ ವ್ಯಾಪಾರಿಗಳು ನಾಲ್ಕೈದು ಮಂದಿ ಕುಳಿತಿದ್ದಾರೆ. ಒಬ್ಬನ ಬಿಲ್ಲನ್ನು ತೆಗೆಯಲೆಂದು ಗುಮಾಸ್ತನು ಹೆಸರಿನ ಮೊದಲೆರಡು ಅಕ್ಷರಗಳನ್ನು ಒತ್ತುತ್ತಾನೆ. ಅದೇ ಅಕ್ಷರಗಳಿಂದ ಮೊದಲಾಗುವ ಖಾತೆಗಳ ಪಟ್ಟಿಯೇ ಎದುರು ಗೋಡೆಯ ಮೇಲೆ ತೆರೆದುಕೊಳ್ಳುತ್ತದೆ. ಹೆಸರುಗಳ ಮುಂದೆ ಬಾಕಿಯ ಮೊತ್ತಗಳು. ಅವುಗಳಲ್ಲೊಂದು, ಹಬ್ಬದ ಮಾರಾಟ ಕೈಕೊಟ್ಟದ್ದರಿಂದ ಮೂರು ತಿಂಗಳ ಬಾಕಿಯನ್ನು ಉಳಿಸಿಕೊಂಡ ಒಬ್ಬ ಸಣ್ಣ ವ್ಯಾಪಾರಿಯದು. ಪಟ್ಟಿ ಕಂಡದ್ದು ಎರಡೇ ಸೆಕೆಂಡು. ಆದರೆ ಕುಳಿತವರಲ್ಲಿ ಒಬ್ಬನು ಅವನ ಊರಿನವನೇ ಆಗಿದ್ದರೆ ಅಷ್ಟೇ ಸಾಕು. ಪೇಟೆಯಲ್ಲಿ ಮನುಷ್ಯನಿಗೆ ಇರುವ ನಿಜವಾದ ಬಂಡವಾಳ ಅವನ ನಾಣ್ಯ. ಅವನ ಕೈ ಬಿಗಿಯಾಗಿದೆಯೆಂಬ ಸುದ್ದಿ ಒಬ್ಬರ ಬಾಯಿಂದ ಹೊರಟರೆ ಸಂಜೆಯೊಳಗೆ ಇತರ ನಾಲ್ಕು ಸಗಟು ವರ್ತಕರು ಅವನಿಗೆ ಉದ್ರಿ ಕೊಡಲು ಹಿಂಜರಿಯುತ್ತಾರೆ. ಉದ್ರಿ ನಿಂತರೆ ತಾತ್ಕಾಲಿಕವಾಗಿದ್ದ ಕಷ್ಟವೇ ಶಾಶ್ವತವಾಗಿ, ಅಂಗಡಿಯ ಬಾಗಿಲು ಮುಚ್ಚುತ್ತದೆ. ಇಲ್ಲಿ ಯಾರೂ ಸುಳ್ಳಾಡಲಿಲ್ಲ. ಪರದೆಯ ಮೇಲೆ ಮೂಡಿದ ಪ್ರತಿಯೊಂದು ಅಂಕಿಯೂ ಸತ್ಯವಾಗಿತ್ತು. ಆದರೂ ಒಂದು ಸಂಸಾರದ ಅನ್ನಕ್ಕೆ ಸಂಚಕಾರ ಬಂದಿತು.

ಶ್ರಾವಕರ ಅಣುವ್ರತಗಳನ್ನು ವಿವರಿಸುವಾಗ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಸುಳ್ಳು ಲೆಕ್ಕಪತ್ರವನ್ನು ಸೃಷ್ಟಿಸುವ ಕೂಟಲೇಖಕ್ರಿಯೆ ಅವುಗಳಲ್ಲೊಂದು. ವರ್ತಕರಿಗೆ ಇದು ಚೆನ್ನಾಗಿ ಗೊತ್ತು. ಅದೇ ಪಟ್ಟಿಯಲ್ಲಿ ರಹೋಭ್ಯಾಖ್ಯಾನ ಮತ್ತು ಸಾಕಾರಮಂತ್ರಭೇದಗಳೂ ಇವೆ. ಇನ್ನೊಬ್ಬರ ಗುಟ್ಟನ್ನು ಹೊರಗೆಡಹುವುದು, ಅವರ ಅಂತರಂಗದ ಆಲೋಚನೆಯನ್ನು ತಿಳಿದು ಬಯಲುಮಾಡುವುದು ಎಂದು ಇವುಗಳ ಅರ್ಥ. ಇವು ಅಸತ್ಯದ ಮಾತುಗಳಲ್ಲ. ಆದರೂ ಇವನ್ನು ಸತ್ಯವ್ರತದ ದೋಷಗಳೆಂದೇ ಎಣಿಸಲಾಗಿದೆ. ನಿಜವನ್ನು ಎಲ್ಲರ ಮುಂದೆ ಚೆಲ್ಲುವುದನ್ನೇ ಸತ್ಯವೆಂದು ತಿಳಿದವರು ಈ ಎಣಿಕೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ.

ಇನ್ನೊಂದು ಉದಾಹರಣೆಯನ್ನು ಕರ್ನಾಟಕದ ದನಗಳ ಜಾತ್ರೆಗಳಿಂದಲೇ ತೆಗೆದುಕೊಳ್ಳಬಹುದು. ಅಲ್ಲಿ ದಲ್ಲಾಳಿಯು ಟವೆಲ್ಲಿನ ಅಡಿಯಲ್ಲಿ ಕೈಹಿಡಿದು ಬೆರಳುಗಳನ್ನು ಒತ್ತಿ ಬೆಲೆಯನ್ನು ಸೂಚಿಸುವ ಪದ್ಧತಿಯಿದೆ. ಸುತ್ತ ನಿಂತವರಿಗೆ ಮೊತ್ತ ತಿಳಿಯದು. ಪಾರದರ್ಶಕತೆಯ ಹೊಸ ಪ್ರತಿಪಾದಕರು ಇದನ್ನು ಕಪಟವೆಂದು ಕರೆದಾರು. ಮಾಲೀಕನಿಗೆ ಒಂದು, ಕೊಳ್ಳುವವನಿಗೆ ಇನ್ನೊಂದು ಬೆರಳೊತ್ತಿ ನಡುವಿನ ಹಣವನ್ನು ನುಂಗುವ ದಲ್ಲಾಳಿಗಳೂ ಉಂಟು. ಅದು ಕಪಟವೇ ಸರಿ. ಆದರೆ ದೋಷವಿರುವುದು ಟವೆಲ್ಲಿನಲ್ಲಲ್ಲ, ಅದರ ಅಡಿಯಲ್ಲಿರುವ ಕೈಯಲ್ಲಿ. ಕೈಹಿಡಿದ ಇಬ್ಬರಿಗೂ ಒಂದೇ ಮೊತ್ತ ತಿಳಿದಿದ್ದರೆ ಟವೆಲ್ಲು ಮರೆಮಾಡಿದ್ದು ಮೂರನೆಯವರಿಂದ ಮಾತ್ರ. ಕಷ್ಟಕ್ಕೆಂದು ಎತ್ತನ್ನು ಮಾರುವ ರೈತನ ಮಾನವನ್ನು ಆ ಬಟ್ಟೆಯ ತುಂಡು ಕಾಯುತ್ತದೆ. ವ್ಯವಹಾರದ ಒಳಗಿನವರಿಗೆ ಪೂರ್ಣ ಬೆಳಕು, ಹೊರಗಿನವರಿಗೆ ಮರೆ: ಗೋಡೆಯ ಮೇಲಿನ ಪರದೆಯಿಂದ ನಿರೀಕ್ಷಿಸಬೇಕಾದದ್ದೂ ಇದನ್ನೇ. ಪರದೆ ದೊಡ್ಡದಾದಷ್ಟೂ, ದೂರಕ್ಕೆ ಕಾಣುವಂತಾದಷ್ಟೂ ಇದು ಕಷ್ಟವಾಗುತ್ತ ಹೋಗುತ್ತದೆ.

ಹೀಗೆಂದ ಮಾತ್ರಕ್ಕೆ ‘ಎಕ್ಸ್‌ಟೆಂಡ್’ ವಿಧಾನವು ನಿರ್ದೋಷವೆಂದು ತಿಳಿಯಲಾಗದು. ಆರಿಸಿ ತೋರಿಸುವ ಅಧಿಕಾರ ಯಾರಲ್ಲಿದೆಯೋ ಅವರಲ್ಲಿ ಮೋಸದ ಅವಕಾಶವೂ ಇದೆ. ಒಂದೇ ತಾನಿನ ಬಟ್ಟೆಗೆ ತನ್ನ ಪರದೆಯಲ್ಲಿ ಒಂದು ದರ, ಗಿರಾಕಿಯ ಪರದೆಯಲ್ಲಿ ಇನ್ನೊಂದು ದರವನ್ನಿಟ್ಟುಕೊಂಡು, ಹೆಚ್ಚಿನದನ್ನೇ ಕೊಳ್ಳುವಾಗಿನ ಬೆಲೆಯೆಂದು ನಂಬಿಸುವುದು ಬಹು ಸುಲಭ. ದಾಸ್ತಾನು ಸಾಕಷ್ಟಿದ್ದರೂ ಉಳಿದಿರುವುದು ನಾಲ್ಕೇ ತಾನು ಎಂಬ ಪುಟವನ್ನು ಎದುರಿಗಿಟ್ಟು ಆತುರಪಡಿಸುವುದೂ ಸುಲಭ. ಅಚೌರ್ಯವ್ರತದ ಅತಿಚಾರಗಳಲ್ಲಿ ತೂಕ ಅಳತೆಗಳ ಹೆಚ್ಚುಕಡಿಮೆಯೊಡನೆ ಪ್ರತಿರೂಪಕ ವ್ಯವಹಾರವೆಂಬುದೂ ಸೇರಿದೆ. ಹೋಲುವ ಆದರೆ ನಿಜವಲ್ಲದ ವಸ್ತುವನ್ನು ನಿಜವೆಂದು ಸಾಗಿಸುವುದೇ ಅದು. ಎದುರು ಪರದೆಗೆಂದೇ ತಯಾರಿಸಿದ ಪುಟವು ಲೆಕ್ಕದ ಪುಟವನ್ನು ಹೋಲುತ್ತಿದ್ದು ಲೆಕ್ಕದ ಪುಟವಾಗಿರದಿದ್ದರೆ ಅದು ಇದೇ ಜಾತಿಗೆ ಸೇರುತ್ತದೆ. ಇಂತಹವರಲ್ಲಿ ಕೆಲವರು ಅನೇಕಾಂತದ ಆಶ್ರಯ ಪಡೆದು, ಒಂದೇ ವಸ್ತುವನ್ನು ಎರಡು ಬಗೆಯಲ್ಲಿ ಹೇಳಬಹುದಲ್ಲವೇ ಎಂದು ನಗುತ್ತಾರೆ! ಯಾವ ದೃಷ್ಟಿಯಿಂದ ಹೇಳುತ್ತಿದ್ದೇನೆಂಬುದನ್ನು ಹೇಳಿಯೇ ಮುಂದುವರಿಯುವುದು ಸ್ಯಾದ್ವಾದದ ನಿಯಮ. ದೃಷ್ಟಿಯನ್ನು ಮುಚ್ಚಿಟ್ಟು ಹೇಳಿದರೆ ಅದಕ್ಕೆ ಬೇರೆ ಹೆಸರಿದೆ.

ಸಗಟು ವ್ಯಾಪಾರದಲ್ಲಿ ಎಲ್ಲರಿಗೂ ಒಂದೇ ದರ ಇರುವುದಿಲ್ಲವೆಂಬುದೂ ನಿಜ. ನಗದು ಕೊಡುವವನಿಗೂ ತೊಂಬತ್ತು ದಿನಗಳ ಉದ್ರಿಯವನಿಗೂ, ನೂರು ತಾನು ಒಯ್ಯುವವನಿಗೂ ಐದು ತಾನಿನವನಿಗೂ ಅಂತರವಿರುತ್ತದೆ. ಹಾಗಾದರೆ ಐದು ತಾನಿನವನಿಗೆ ನೂರು ತಾನಿನವನ ದರವನ್ನು ತೋರಿಸಬೇಕೇ? ಅವನ ಹೆಸರನ್ನೂ ಬಿಲ್ಲನ್ನೂ ತೋರಿಸಬೇಕಾಗಿಲ್ಲ. ಆದರೆ ಇಷ್ಟು ಒಯ್ದರೆ ಇಷ್ಟು ರಿಯಾಯಿತಿ, ನಗದಾದರೆ ಇಷ್ಟು ಎಂಬ ಪಟ್ಟಿಯನ್ನು ಎಲ್ಲರಿಗೂ ತೋರಿಸಬಹುದು. ಯಾವ ಅಂತರಕ್ಕೆ ಕಾರಣವನ್ನು ಪಟ್ಟಿಯಲ್ಲಿ ಬರೆಯಲು ಸಂಕೋಚವಾಗುತ್ತದೆಯೋ ಆ ಅಂತರವನ್ನೇ ಮತ್ತೊಮ್ಮೆ ಪರಿಶೀಲಿಸಬೇಕು. ಪೇಟೆಗೆ ಹೊಸಬನೆಂಬ ಒಂದೇ ಕಾರಣಕ್ಕೆ ಹೆಚ್ಚು ದರ ಹಾಕುವ ಅಭ್ಯಾಸ ಈ ಪಟ್ಟಿಯಲ್ಲಿ ಎಲ್ಲಿಯೂ ಹಿಡಿಸದು.

ಈಗ ತಡವಾಗಿ ತಲುಪುವ ಚಿತ್ರದ ವಿಷಯಕ್ಕೆ ಬರಬಹುದು. ಸೆಕೆಂಡಿನ ಹತ್ತನೆಯ ಭಾಗದಿಂದ ಯಾವ ಅನ್ಯಾಯವೂ ಆಗದು. ಆದರೆ ಸಂಪರ್ಕವು ದುರ್ಬಲವಾದಾಗ ಎದುರಿನ ಚಿತ್ರವು ಕಪ್ಪಾಗುವ ಬದಲು, ಕೊನೆಯದಾಗಿ ತಲುಪಿದ ಸ್ಥಿತಿಯಲ್ಲಿಯೇ ನಿಂತುಬಿಡುವುದುಂಟು. ನೋಡುವವನಿಗೆ ಅದು ನಿಂತಿದೆಯೆಂದು ತಿಳಿಯದು. ಅಂಕಿಗಳು ಎಂದಿನಂತೆ ಗಂಭೀರವಾಗಿಯೇ ಇರುತ್ತವೆ. ಅಷ್ಟರಲ್ಲಿ ವರ್ತಕನು ತನ್ನ ಪರದೆಯಲ್ಲಿ ಒಂದು ಸಾಲನ್ನು ಸೇರಿಸಿಯೋ ದರವನ್ನು ತಿದ್ದಿಯೋ ಇರುತ್ತಾನೆ. ಚಿನ್ನದ ದರ ದಿನದೊಳಗೆ ಬದಲಾಗುವ ಆಭರಣದ ಅಂಗಡಿಯಲ್ಲಿ ಇದು ಸಣ್ಣ ವಿಷಯವಲ್ಲ. ಗಿರಾಕಿಯು ಗೋಡೆಯನ್ನು ನೋಡಿ ‘ಆಗಲಿ’ ಎಂದರೆ ಅವನು ಒಪ್ಪಿದ್ದು ಯಾವುದಕ್ಕೆ? ಅವನು ಕಂಡದ್ದಕ್ಕೆ ಎಂಬುದೇ ನ್ಯಾಯವಾದ ಉತ್ತರ. ಯಂತ್ರದ ದೌರ್ಬಲ್ಯದ ಭಾರವನ್ನು, ಆ ಯಂತ್ರವನ್ನು ಆರಿಸಿಕೊಂಡವನೇ ಹೊರಬೇಕು. ಗಿರಾಕಿಯು ಮಿರಾಕಾಸ್ಟನ್ನು ಬೇಡಿ ಬಂದವನಲ್ಲ.

ಈ ಸಂದರ್ಭದಲ್ಲಿ ತೆರಿಗೆಯ ಕಾನೂನಿನ ಒಂದು ನಿಯಮ ಗಮನಾರ್ಹವಾಗಿದೆ. 2017ರ ಜುಲೈ 1ರಂದು ಜಾರಿಗೆ ಬಂದ ಜಿಎಸ್‌ಟಿ ವ್ಯವಸ್ಥೆಯಲ್ಲಿ ಸರಕಿನ ಬಿಲ್ಲನ್ನು ಮೂರು ಪ್ರತಿಗಳಲ್ಲಿ ಮಾಡಬೇಕೆಂದಿದೆ. ಮೂಲಪ್ರತಿ ಕೊಳ್ಳುವವನಿಗೆ, ಎರಡನೆಯದು ಸಾಗಿಸುವವನಿಗೆ, ಮೂರನೆಯದು ಮಾರುವವನಿಗೆ. ಬಿಲ್ಲನ್ನು ಬರೆದವನು ವರ್ತಕನೇ ಆದರೂ ಮೂಲವು ಅವನಲ್ಲಿ ಉಳಿಯುವುದಿಲ್ಲ. ಅವನಿಗೆ ದೊರೆಯುವುದು ನಕಲು. ಪರದೆಗಳ ಏರ್ಪಾಡಿನಲ್ಲಿ ಇದು ತಲೆಕೆಳಗಾಗಿದೆ. ಅಲ್ಲಿ ಮೂಲವು ವರ್ತಕನ ಕಣ್ಣ ಮುಂದೆ. ಗಿರಾಕಿಗೆ ಸಿಗುವುದು ಗಾಳಿಯಲ್ಲಿ ತೇಲಿಬಂದ ಪ್ರತಿ. ಆದಕಾರಣ ಗೋಡೆಯ ಚಿತ್ರವನ್ನು ಒಪ್ಪಂದವೆಂದು ಎಣಿಸದೆ, ಹಣ ಪಡೆಯುವ ಮುನ್ನ ಬಿಲ್ಲನ್ನು ಅವನ ಕೈಗಿತ್ತು ಓದಲು ಸಮಯ ಕೊಡುವುದು ಕಾನೂನಿನ ಆಶಯಕ್ಕೂ ಹತ್ತಿರವಾಗಿದೆ.

ತೋರಿಸಿಯೂ ತೋರಿಸದಂತಾಗುವ ಇನ್ನೊಂದು ಬಗೆಯಿದೆ. ಮೇಜಿನ ಮೇಲೆ ಎರಡು ಅಡಿ ದೂರದಿಂದ ನೋಡುವ ಅಕ್ಷರವನ್ನು ಹದಿನೈದು ಅಡಿಗಳಾಚೆ ಹಾಗೆಯೇ ಕಳಿಸಿದರೆ, ಪರದೆ ಸ್ವಲ್ಪ ದೊಡ್ಡದಾಗಿದ್ದರೂ ಓದಲಾಗದು. ಮೇಲಾಗಿ ಸಂಕ್ಷೇಪಿಸುವ ಕ್ರಮದಲ್ಲಿ ಬೆಳಕಿನ ವಿವರವನ್ನು ಉಳಿಸಿಕೊಂಡು ಬಣ್ಣದ ವಿವರವನ್ನು ಕಡಿತಗೊಳಿಸುವುದು ವಾಡಿಕೆ. ಚಲನಚಿತ್ರಕ್ಕೆ ಇದರಿಂದ ಬಾಧೆಯಿಲ್ಲ, ಆದರೆ ಬಣ್ಣದ ಹಿನ್ನೆಲೆಯ ಮೇಲಿನ ಕೆಂಪು ನೀಲಿ ಸಣ್ಣ ಅಕ್ಷರಗಳು ಕಲಸಿದಂತೆ ಕಾಣುತ್ತವೆ. ಮಜೂರಿ, ವೇಸ್ಟೇಜ್, ಸಾಗಣೆ ಮೊದಲಾದ ಉಪವೆಚ್ಚಗಳು ಬರುವುದು ಇಂತಹ ಸಣ್ಣ ಅಕ್ಷರಗಳಲ್ಲಿಯೇ. ಬಿಳಿಯ ಮೇಲೆ ಕಪ್ಪು ಅಕ್ಷರವನ್ನಿಟ್ಟು, ಎದುರಿನ ಪರದೆಗೆ ಅಕ್ಷರದ ಗಾತ್ರವನ್ನು ಒಂದೂವರೆಪಟ್ಟೋ ಎರಡುಪಟ್ಟೋ ಹೆಚ್ಚಿಸುವುದು ಒಂದು ನಿಮಿಷದ ಕೆಲಸ. ಅದನ್ನು ಮಾಡುವ ಮೊದಲು ವರ್ತಕನು ಒಮ್ಮೆ ತನ್ನ ಪೀಠವನ್ನು ಬಿಟ್ಟೆದ್ದು ಗಿರಾಕಿಯ ಕುರ್ಚಿಯಲ್ಲಿ ಕುಳಿತು ಓದಿ ನೋಡಬೇಕು. ಅರವತ್ತು ದಾಟಿದ ತನ್ನ ತಂದೆಯನ್ನೋ ಮಾವನನ್ನೋ ಕುಳ್ಳಿರಿಸಿ ನೋಡಿದರೆ ಇನ್ನೂ ಒಳ್ಳೆಯದು.

ತಂತಿಯಿಲ್ಲದಿರುವಿಕೆಯಿಂದಲೇ ಬರುವ ಜವಾಬ್ದಾರಿಯೊಂದು ಉಳಿಯಿತು. ತಂತಿಗೆ ಒಂದು ಸಾಕ್ಷ್ಯಗುಣವಿದೆ. ಯಾವ ಯಂತ್ರವು ಯಾವ ಪರದೆಗೆ ಸೇರಿದೆಯೆಂದು ಅದನ್ನು ಹಿಡಿದು ಹೋದರೆ ತಿಳಿಯುತ್ತದೆ. ಅಲೆಗಳಿಗೆ ಆ ಗುಣವಿಲ್ಲ. ಅವು ಗೋಡೆಯನ್ನೂ ದಾಟುತ್ತವೆ. ಮಿರಾಕಾಸ್ಟಿನ ಸಂಪರ್ಕವು ಗೂಢಲಿಪಿಯಲ್ಲಿಯೇ ಸಾಗುವುದರಿಂದ ದಾರಿಯಲ್ಲಿ ಕದ್ದು ನೋಡುವುದು ಸುಲಭವಲ್ಲ. ಆದರೆ ತಪ್ಪು ಪರದೆಯನ್ನು ಆರಿಸಿಕೊಂಡರೆ ಗೂಢಲಿಪಿ ಏನು ಮಾಡೀತು? ಒತ್ತಾಗಿರುವ ಮಳಿಗೆಗಳಲ್ಲಿ ಅಕ್ಕಪಕ್ಕದವರ ಟಿ.ವಿ.ಗಳ ಹೆಸರುಗಳೂ ಪಟ್ಟಿಯಲ್ಲಿ ಬರುತ್ತವೆ. ಒಂದೇ ಕಂಪನಿಯ ಟಿ.ವಿ.ಗಳಾದರೆ ಹೆಸರುಗಳೂ ಒಂದನ್ನೊಂದು ಹೋಲುತ್ತವೆ. ಪರದೆಗೆ ಅಂಗಡಿಯ ಸ್ಪಷ್ಟವಾದ ಹೆಸರಿಡುವುದು, ಸಂಪರ್ಕಕ್ಕೆ ಮುನ್ನ ಗುಪ್ತಸಂಖ್ಯೆಯನ್ನು ಕೇಳುವಂತೆ ಮಾಡುವುದು, ಕೆಲಸ ಮುಗಿದೊಡನೆ ಸಂಬಂಧವನ್ನು ಕಡಿಯುವುದು, ಮೊಬೈಲಿನಿಂದಲೂ ಅಂಚೆಯಿಂದಲೂ ಬರುವ ಸೂಚನೆಗಳು ಪರದೆಯ ಮೂಲೆಯಲ್ಲಿ ಮೂಡದಂತೆ ನಿಲ್ಲಿಸುವುದು, ಇವೆಲ್ಲ ಬಾಗಿಲಿಗೆ ಬೀಗ ಹಾಕಿದಷ್ಟೇ ಸಹಜವಾಗಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಇನ್ನೊಬ್ಬರ ಮಾಹಿತಿಯನ್ನು ಇಟ್ಟುಕೊಂಡವರ ಹೊಣೆಯನ್ನು ಕುರಿತು ಹೇಳುತ್ತದೆಯಾದರೂ, ಸಣ್ಣ ವ್ಯಾಪಾರಿಯ ನಾಣ್ಯವನ್ನು ಕಾಯಲು ಅಧಿನಿಯಮಕ್ಕಾಗಿ ಕಾಯಬೇಕಾಗಿರಲಿಲ್ಲ. ಇನ್ನು ಗೋಡೆಯನ್ನು ಕೊರೆಯಲು ಅಡ್ಡಿಯಿಲ್ಲದೆಡೆಯಲ್ಲಿ ಸಾಧಾರಣವಾದ ಎಚ್‌ಡಿಎಂಐ ತಂತಿಯೇ ಮೇಲು. ಅದರಲ್ಲಿ ಚಿತ್ರ ನಿಲ್ಲುವ, ದಾರಿ ತಪ್ಪುವ ಭಯಗಳು ಇಲ್ಲವೆನ್ನುವಷ್ಟು ಕಡಿಮೆ. ಕೇವಲ ಅಂಗಡಿಯ ಅಂದಕ್ಕಾಗಿ ತಂತಿಯನ್ನು ತೊರೆಯುವವರು ಈ ವಿನಿಮಯವನ್ನು ತಿಳಿದೇ ಮಾಡಲಿ.

ಪರದೆಯಿಂದ ಯಾವ ಪ್ರಯೋಜನವನ್ನೂ ಪಡೆಯಲಾರದ ಗಿರಾಕಿಯೂ ಇದ್ದಾನೆ. ಅವನಿಗೆ ಓದು ಬಾರದು, ಅಥವಾ ಕಣ್ಣು ಮಂದವಾಗಿದೆ, ಅಥವಾ ಪರದೆಯಲ್ಲಿರುವ ಇಂಗ್ಲಿಷ್ ಅವನ ಭಾಷೆಯಲ್ಲ. ಅವನ ಮಟ್ಟಿಗೆ ಎರಡು ವಿಧಾನಗಳೂ ಒಂದೇ. ಅವನಿಗಾಗಿ ಲೆಕ್ಕವನ್ನು ಬಾಯಲ್ಲಿ ಓದಿ ಹೇಳಬೇಕಾಗುತ್ತದೆ. ಪೀಠದಿಂದಲೇ ಗಟ್ಟಿಯಾಗಿ ಓದಿದರೆ ಕೋಣೆಯಲ್ಲಿರುವ ಎಲ್ಲರಿಗೂ ಅವನ ಬಾಕಿ ಕೇಳಿಸುತ್ತದೆ. ಗುಮಾಸ್ತನೊಬ್ಬನು ಬಿಲ್ಲನ್ನು ಹಿಡಿದು ಆ ಹದಿನೈದು ಅಡಿಗಳನ್ನು ನಡೆದುಹೋಗಿ, ಅವನ ಪಕ್ಕದಲ್ಲಿ ಕುಳಿತು, ತಗ್ಗಿದ ದನಿಯಲ್ಲಿ ಒಂದೊಂದು ಸಾಲನ್ನೂ ಕನ್ನಡದಲ್ಲಿ ಓದಿ ಹೇಳಬೇಕು.